ಬಾನೆಟ್ ಕೆಳಗೆ ಇಲಿಗೆ ನೆಲೆ ಸಿಗದಿರಲಿ

ಗಾಡಿಯ ವೈರ್ ಇಲಿ ಕಡಿದು ಹಾಕಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಏನು ಹಚ್ಚಿದರೆ ಇಲಿ ಬರೋದಿಲ್ಲ?" ಹಚ್ಚುವ ಮಾತು ಆಮೇಲೆ ಇರಲಿ, ಅದು ಬಂದದ್ದು ಯಾಕೆ ಅಂತ ಮೊದಲು ನೋಡಿ. ಇಲಿ ವೈರಿಗೆ ಆಸೆಪಟ್ಟು ಬರುವ ಪ್ರಾಣಿಯಲ್ಲ. ಅದಕ್ಕೆ ಬೇಕಾದದ್ದು ಬೆಚ್ಚಗಿರುವ, ಕತ್ತಲಾಗಿರುವ, ಯಾರೂ ತಂಟೆ ಮಾಡದ ಒಂದು ಮೂಲೆ. ಓಡಿಸಿ ತಂದು ನಿಲ್ಲಿಸಿದ ಗಾಡಿಯ ಎಂಜಿನ್ ಎಷ್ಟೋ ಹೊತ್ತು ಬಿಸಿಯಾಗಿಯೇ ಇರುತ್ತದೆ, ಮೇಲೆ ಬಾನೆಟ್ಟಿನ ಸೂರು, ಒಳಗೆ ಹಾಸಿಗೆಗೆ ಬೇಕಾದಷ್ಟು ಫೋಮು. ಇನ್ನೇನು ಬೇಕು? ಇಲಿಯ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಕಡಿದು ಕಡಿದು ಸವೆಸುತ್ತಲೇ ಇರಬೇಕು. ನೆಲೆ ಮಾಡಿದ ಜಾಗದಲ್ಲಿ ಬಾಯಿಗೆ ಸಿಕ್ಕಿದ್ದನ್ನು ಕಡಿಯುತ್ತದೆ, ಎಂಜಿನ್ ಪಕ್ಕದಲ್ಲಿ ಸಿಗುವುದು ವೈರು. ಈಗಿನ ವೈರುಗಳ ಹೊದಿಕೆಗೆ ಸೋಯಾ ಬೆರೆಸುತ್ತಾರೆ, ಅದರ ರುಚಿಗೇ ಕಡಿಯುತ್ತವೆ ಎನ್ನುವವರಿದ್ದಾರೆ. ಬರೀ ಪ್ಲಾಸ್ಟಿಕ್ ಹೊದಿಕೆಯ ಹಳೇ ಗಾಡಿಗಳ ವೈರನ್ನೂ, ಮನೆಯ ಅಟ್ಟದ ವೈರನ್ನೂ ಇಲಿ ಯಾವತ್ತೂ ಬಿಟ್ಟಿಲ್ಲ. ಹಾಗಾಗಿ ಆ ವಾದ ಹಿಡಿದು ಕೂರಬೇಡಿ, ನೆಲೆ ತಪ್ಪಿಸುವ ಕೆಲಸ ನೋಡಿ.

ಅದಕ್ಕೆ ಮೊದಲ ಹೆಜ್ಜೆ, ವಾರಕ್ಕೊಮ್ಮೆಯಾದರೂ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಸಮಾಧಾನವಾಗಿ ಕಣ್ಣಾಡಿಸುವುದು. ಬ್ಯಾಟರಿಯ ಹಿಂದೆ, ಏರ್ ಫಿಲ್ಟರ್ ಡಬ್ಬಿಯ ಸುತ್ತ, ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೆಳಗಿನ ತಟ್ಟೆಯಲ್ಲಿ, ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿ ನೋಡಿ. ಕಪ್ಪು ಹಿಕ್ಕೆ ಕಂಡರೆ ಅಳತೆ ಗಮನಿಸಿ. ಅಕ್ಕಿಕಾಳಿನಷ್ಟಿದ್ದರೆ ಸುಂಡಿಲಿ, ಅದಕ್ಕಿಂತ ಎರಡು ಮೂರು ಪಟ್ಟು ಉದ್ದವಿದ್ದರೆ ದೊಡ್ಡ ಇಲಿ. ಒಣ ಎಲೆ, ಬಟ್ಟೆ ಚೂರು, ಬಾನೆಟ್ ಒಳಮೈಯ ಶಾಖ ತಡೆಯುವ ಹಾಸನ್ನು ಕಿತ್ತು ಮಾಡಿದ ಹತ್ತಿಯಂಥ ಉಂಡೆ ಸಿಕ್ಕರೆ ಗೂಡು ಶುರುವಾಗಿದೆ ಎಂದೇ ಅರ್ಥ. ಇಲಿ ಕಡಿದ ವೈರನ್ನು ಹತ್ತಿರದಿಂದ ನೋಡಿದರೆ ಗುರುತು ಹಿಡಿಯುವುದು ಕಷ್ಟವಲ್ಲ: ಹೊದಿಕೆಯ ಮೇಲೆ ಅಕ್ಕಪಕ್ಕ ಎರಡೆರಡು ಗೀರು, ಕೆರೆದು ಬಿದ್ದ ಪ್ಲಾಸ್ಟಿಕ್ ಪುಡಿ, ನಡುವೆ ಹೊಳೆಯುವ ತಾಮ್ರದ ಎಳೆ. ಹಳತಾಗಿ ಬಿರುಕು ಬಿಟ್ಟ ವೈರು ಹೀಗಿರುವುದಿಲ್ಲ. ಎಸಿ ಹಾಕಿದಾಗ ಮೂತ್ರದ ನಾತ ಬಂದರೆ ಕ್ಯಾಬಿನ್ ಫಿಲ್ಟರ್ ಬಿಚ್ಚಿ ನೋಡಿ. ಎಷ್ಟೋ ಸಲ ಗೂಡು ಅಲ್ಲೇ ಇರುತ್ತದೆ.

ಗೂಡು ಸಿಕ್ಕಿದ ಕೂಡಲೇ ಪೊರಕೆಯಿಂದ ಗುಡಿಸುವುದು, ವ್ಯಾಕ್ಯೂಮ್ ಹಚ್ಚುವುದು ಬೇಡವೇ ಬೇಡ. ಒಣಗಿದ ಹಿಕ್ಕೆಯ ಧೂಳು ಉಸಿರಿಗೆ ಹೋಗಬಾರದು, ಅದರಿಂದ ಹ್ಯಾಂಟಾವೈರಸ್‌ನಂಥ ಕಾಯಿಲೆಗಳು ಬರಬಹುದು. ಇಲಿಯ ಮೂತ್ರದಿಂದ ಇಲಿಜ್ವರವೂ ಹರಡುತ್ತದೆ. ಎಂಜಿನ್ ಪೂರ್ತಿ ತಣಿಯಲಿ, ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿಡಿ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ, ಗೂಡಿಗೂ ಹಿಕ್ಕೆಗೂ ಚಿಮುಕಿಸಿ, 5 ನಿಮಿಷ ನೆನೆಯಲು ಬಿಟ್ಟು, ಕಾಗದದಲ್ಲಿ ಒರೆಸಿ ತೆಗೆದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಕನೆಕ್ಟರ್‌ಗಳ ಮೇಲೆ ದ್ರಾವಣ ಬೀಳದಂತೆ ನೋಡಿಕೊಳ್ಳಿ, ಬ್ಲೀಚ್ ಲೋಹವನ್ನು ತಿನ್ನುತ್ತದೆ. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಈ ಶುದ್ಧಿಯನ್ನು ಅರ್ಧಕ್ಕೆ ಬಿಡಬೇಡಿ ಅಂತ ಒತ್ತಿ ಹೇಳುತ್ತೇನೆ. ಇಲಿ ಓಡಾಡಿದ ದಾರಿಯುದ್ದಕ್ಕೂ ಮೂತ್ರದ ವಾಸನೆ ಉಳಿದಿರುತ್ತದೆ, ಮೊದಲಿನದು ಹೋದರೂ ಆ ವಾಸನೆ ಹಿಡಿದು ಇನ್ನೊಂದು ಬರುತ್ತದೆ. ವೈರ್ ರಿಪೇರಿ ಮಾಡಿಸಿಕೊಂಡು ಬಂದ ಕೆಲವೇ ದಿನಕ್ಕೆ ಅದೇ ವೈರ್ ಮತ್ತೆ ತುಂಡಾಗುವುದಕ್ಕೆ ಹೆಚ್ಚಿನಂಶ ಇದೇ ಕಾರಣ.

ಇನ್ನು ಗಾಡಿ ನಿಲ್ಲಿಸುವ ಜಾಗ. ಕಸದ ಡಬ್ಬಿ, ಸೌದೆ ರಾಶಿ, ಹಳೇ ರಟ್ಟಿನ ಪೆಟ್ಟಿಗೆ, ನಾಯಿ ಬೆಕ್ಕಿನ ತಟ್ಟೆ, ಹಕ್ಕಿಗೆ ಹಾಕಿದ ಕಾಳು ಹತ್ತಿರ ಇರಬಾರದು. ಗೋಡೆಗೆ ಒತ್ತಿಕೊಂಡು, ಗಿಡಬಳ್ಳಿಗೆ ತಾಗಿಸಿಕೊಂಡು ನಿಲ್ಲಿಸಬೇಡಿ, ಇಲಿ ಬಯಲಲ್ಲಿ ಓಡಾಡಲು ಹೆದರುತ್ತದೆ. ಸುತ್ತ ಖಾಲಿ ನೆಲ, ರಾತ್ರಿ ಸ್ವಲ್ಪ ಬೆಳಕು ಇದ್ದರೆ ಒಳ್ಳೆಯದು. ಶೆಡ್ಡಿನ ಬಾಗಿಲ ಕೆಳಗಿನ ಸಂದು ಮುಚ್ಚಿ. 6 ಮಿ.ಮೀ. ಸಂದು ಇದ್ದರೂ ಸುಂಡಿಲಿ ನುಸುಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಗಾಡಿಯನ್ನು ಓಡಿಸುತ್ತಿರಿ, ಆದಷ್ಟೂ ಜಾಗ ಬದಲಿಸಿ ನಿಲ್ಲಿಸಿ. ವಾರಗಟ್ಟಲೆ ಅಲುಗಾಡದೆ ನಿಂತ ಗಾಡಿಯೇ ಇಲಿಗೆ ಅಚ್ಚುಮೆಚ್ಚು. ರಾತ್ರಿ ಬಾನೆಟ್ ತೆರೆದಿಟ್ಟರೆ ಕತ್ತಲೆ ಮರೆ ತಪ್ಪಿ ಇಲಿ ದೂರವಿರುತ್ತದೆ ಎಂದು ಹಾಗೆ ಮಾಡುವವರಿದ್ದಾರೆ. ಬಾಗಿಲಿರುವ ಶೆಡ್ಡಾದರೆ ಮಾಡಬಹುದು, ಆದರೆ ಬಾನೆಟ್ ಒಳಗೆ ದೀಪವಿದ್ದರೆ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳಿ.

ವಾಸನೆಯ ಮದ್ದುಗಳ ವಿಷಯ. ಪುದೀನ ಎಣ್ಣೆ, ಹೊಗೆಸೊಪ್ಪು, ಬೇವಿನೆಣ್ಣೆ ಏನೇ ಇಟ್ಟರೂ ಎಂಜಿನ್ ಬಿಸಿಗೆ ಕೆಲವೇ ದಿನದಲ್ಲಿ ವಾಸನೆ ಹಾರಿಹೋಗುತ್ತದೆ, ಆಗಾಗ ಹಚ್ಚುವ ತಾಳ್ಮೆ ಇದ್ದರೆ ಅಷ್ಟಿಷ್ಟು ಉಪಯೋಗ. ನುಸಿಗುಳಿಗೆ ಮಾತ್ರ ಬೇಡ. ಅದರ ಆವಿ ಗಾಳಿ ಎಳೆಯುವ ದಾರಿಯಲ್ಲಿ ಒಳಗೆ ಬಂದು ಕೂತವರ ಮೂಗಿಗೇ ಹೋಗುತ್ತದೆ, ಮಕ್ಕಳಿಗಂತೂ ಒಳ್ಳೆಯದಲ್ಲ. ಕಿವಿಗೆ ಕೇಳದ ಶಬ್ದ ಮಾಡುವ ಯಂತ್ರಗಳಿಗೆ ಇಲಿ ಬೇಗ ಒಗ್ಗಿಕೊಳ್ಳುತ್ತದೆ, ಆ ಶಬ್ದ ಗಟ್ಟಿ ವಸ್ತುವನ್ನು ದಾಟಿ ಹೋಗುವುದೂ ಇಲ್ಲ. ಅವಕ್ಕೆ ದುಡ್ಡು ಸುರಿಯುವ ಬದಲು ಜಾಲರಿಗೆ ಹಾಕಿ ಎನ್ನುವುದು ನನ್ನ ಮಾತು.

ತುಕ್ಕು ಹಿಡಿಯದ ಉಕ್ಕಿನ, 6 ಮಿ.ಮೀ.ಗಿಂತ ಸಣ್ಣ ಕಣ್ಣಿನ ಜಾಲರಿಯನ್ನು ಕ್ಯಾಬಿನ್‌ಗೆ ಗಾಳಿ ಎಳೆಯುವ ಬಾಯಿಗೆ ಮೆಕ್ಯಾನಿಕ್ ಕೈಯಲ್ಲಿ ಭದ್ರವಾಗಿ ಕೂರಿಸಿ. ಗಾಳಿಗೆ ಅಡ್ಡಿಯಾಗಬಾರದು, ಫ್ಯಾನು ಬೆಲ್ಟುಗಳ ಹತ್ತಿರ ಬರಬಾರದು. ಸ್ಟೀಲ್ ಉಲ್ಲನ್ ತುರುಕುವುದು ಗೋಡೆಯ ತೂತಿಗೆ ಸರಿ, ವೈರಿನ ಪಕ್ಕ ತಪ್ಪು. ಅದರ ಎಳೆಗಳಲ್ಲಿ ಕರೆಂಟ್ ಹರಿಯುತ್ತದೆ, ಶಾರ್ಟ್ ಆದೀತು. ವೈರಿಗೆ ಸುತ್ತಲು ಮೆಣಸಿನಕಾಯಿಯ ಖಾರದಂಶ ಸೇರಿಸಿದ ಟೇಪ್ ಸಿಗುತ್ತದೆ, ಹೋಂಡಾ ಕಂಪನಿ ತಾನೇ ಅಂಥದ್ದನ್ನು ಮಾರುತ್ತದೆ. ಒಮ್ಮೆ ಕಡಿತ ಬಿದ್ದ ಜಾಗಕ್ಕೆ ಅದನ್ನು ಸುತ್ತಿಸುವುದು ಒಳ್ಳೆಯದು. ಸುತ್ತಿದ ಕೈಯಲ್ಲಿ ಕಣ್ಣು ಮುಟ್ಟಿಕೊಳ್ಳಬೇಡಿ.

ಇಲಿ ಆಗಲೇ ಸೇರಿಕೊಂಡಿದ್ದರೆ ಬೋನು ಇಡಿ. ದೊಡ್ಡ ಇಲಿಗೆ ಹೊಸ ವಸ್ತುವೆಂದರೆ ಅನುಮಾನ. ಮೊದಲ ಕೆಲವು ದಿನ ತಿನಿಸಿಟ್ಟು ಬೋನನ್ನು ಹೂಡದೆ ಹಾಗೇ ಬಿಡಿ, ಅಭ್ಯಾಸವಾದ ಮೇಲೆ ಹೂಡಿ. ಇಲಿ ಗೋಡೆಯಂಚಿನಲ್ಲೇ ಓಡುವುದರಿಂದ ಬೋನು ಅಲ್ಲಿರಲಿ, ಎಂಜಿನ್ ಒಳಗೆ ಬೇಡ. ವಿಷ ಇಟ್ಟರೆ ಇಲಿ ಕೈಗೆ ಸಿಗದ ಮೂಲೆಗೆ ಹೋಗಿ ಸತ್ತು ಗಾಡಿಯೆಲ್ಲ ಕೊಳೆತ ನಾತ, ಅದನ್ನು ತಿಂದ ಬೆಕ್ಕಿಗೂ ಗೂಬೆಗೂ ಸಾವು. ವಿಷ ನನಗೆ ಒಪ್ಪಿಗೆಯಿಲ್ಲ.

ಒಂದು ವಿಷಯದಲ್ಲಿ ಮಾತ್ರ ಉದಾಸೀನ ಮಾಡಲೇಬೇಡಿ. ಪೆಟ್ರೋಲ್ ವಾಸನೆ ಬಂದರೆ, ಗಾಡಿಯ ಕೆಳಗೆ ಹನಿ ಕಂಡರೆ ಕೀಲಿ ತಿರುಗಿಸಬೇಡಿ. ಇಲಿ ಇಂಧನದ ಪೈಪನ್ನೂ ಕಡಿಯುತ್ತದೆ, ಸುಲಿದ ವೈರಿನ ಒಂದು ಕಿಡಿ ಸಾಕು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪವೋ ಎಬಿಎಸ್ ದೀಪವೋ ಹತ್ತಿದರೆ ಹಾಗೇ ಓಡಿಸಿಕೊಂಡು ಹೋಗಬೇಡಿ, ಗಾಡಿಯನ್ನು ಎಳೆಸಿಕೊಂಡು ಹೋಗಿ. ಹಳದಿ ಹೊದಿಕೆಯ ವೈರು ಏರ್‌ಬ್ಯಾಗಿನದು, ವಿದ್ಯುತ್ ಗಾಡಿಗಳ ಕಿತ್ತಳೆ ಬಣ್ಣದ್ದು ಹೆಚ್ಚು ವೋಲ್ಟೇಜಿನದು. ಇವೆರಡನ್ನೂ ಮನೆಯಲ್ಲಿ ಮುಟ್ಟಕೂಡದು. ತುಂಡಾದ ವೈರನ್ನು ಬರೀ ತಿರುಚಿ ಟೇಪ್ ಸುತ್ತಿ ಕೊಟ್ಟರೆ ಒಪ್ಪಬೇಡಿ. ಸರಿಯಾಗಿ ಜೋಡಿಸಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ ಹಾಕಲು ಹೇಳಿ. ಗ್ಯಾರೇಜಿಗೆ ಕೊಡುವ ಮೊದಲು, ಗೂಡು ತೆಗೆಯುವುದಕ್ಕೂ ಮೊದಲು, ಕಡಿತದ ಫೋಟೊ ತೆಗೆದಿಟ್ಟುಕೊಳ್ಳಿ. ವಿಮೆಯಲ್ಲಿ ಇಲಿ ಕಡಿತಕ್ಕೆ ಪರಿಹಾರ ಇದೆಯೇ ಎಂದು ಪಾಲಿಸಿ ತೆಗೆದು ಈಗಲೇ ಓದಿಕೊಳ್ಳಿ. ಸ್ಕೂಟರ್ ಇರುವವರು ಸೀಟಿನ ಕೆಳಗೂ ಏರ್ ಫಿಲ್ಟರ್ ಡಬ್ಬಿಯೊಳಗೂ ಇದೇ ಲೆಕ್ಕದಲ್ಲಿ ನೋಡುತ್ತಿರಿ, ತಿನಿಸಿನ ಪೊಟ್ಟಣವನ್ನು ಡಿಕ್ಕಿಯಲ್ಲಿ ರಾತ್ರಿಯಿಡೀ ಬಿಡಬೇಡಿ.