ಕಾಗುಣಿತ ಬಾಯಿಗೆ ಬಂದರೂ ಓದು ಬಾರದ ಮಗುವಿಗೆ

ಕ, ಕಾ, ಕಿ, ಕೀ ಎಂದು ಗಡಗಡನೆ ಒಪ್ಪಿಸುವ ಮಗುವಿಗೆ ಒಂಟಿ ‘ಕೂ’ ತೋರಿಸಿ. ತಡವರಿಸಿದರೆ, ಇಲ್ಲವೇ ಮನಸ್ಸಿನಲ್ಲೇ ‘ಕ’ದಿಂದ ಎಣಿಸಿಕೊಂಡು ಬಂದರೆ, ಅದಕ್ಕೆ ಗೊತ್ತಿರುವುದು ಸಾಲು, ಅಕ್ಷರವಲ್ಲ. ಕಾಗುಣಿತದ ಚಾರ್ಟನ್ನು ಸದ್ಯ ಮಡಿಚಿಡಿ. ಕಣ್ಣು, ಕಿವಿಯ ತಪಾಸಣೆ ಆಗಿರದಿದ್ದರೆ ಮೊದಲು ಅದು ಆಗಲಿ.

ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಸಾಕು. ಅಂಚಿರುವ ತಟ್ಟೆ, ಒಂದು ಹಿಡಿ ರವೆ, ರಟ್ಟಿನ ಕಾರ್ಡು, ಎರಡು ಸ್ಕೆಚ್ ಪೆನ್ನು ಬೇಕು. ಮೂಲಾಕ್ಷರ ಕಪ್ಪಿನಲ್ಲಿ, ‘ಕಾ’ದ ಇಳಿ, ‘ಕಿ’ಯ ಗುಡಿಸು, ‘ಕು’ವಿನ ಕೊಂಬು ಕೆಂಪಿನಲ್ಲಿ.

ವರ್ಣಮಾಲೆಯ ಕ್ರಮಕ್ಕೆ ಅಂಟಿಕೊಳ್ಳಬೇಡಿ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ; ಅಷ್ಟರಲ್ಲೇ ಸರ, ಅಗಸ, ಗರಗಸ ಓದಬಹುದು. ಪ-ಷ, ದ-ಧ ಥರದ ಜೋಡಿಗಳನ್ನು ಒಟ್ಟಿಗೆ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಮೊದಲ ಐದು ನಿಮಿಷ ಹಳೇ ಕಾರ್ಡುಗಳನ್ನು ಕಲಸಿ ತೋರಿಸಿ. ಆಮೇಲೆ ಹೊಸದು ಒಂದೇ ಒಂದು. ತಟ್ಟೆಯಲ್ಲಿ ರವೆಯನ್ನು ತೆಳ್ಳಗೆ ಹರಡಿ, ಅದರಲ್ಲಿ ಬೆರಳಿನಿಂದ ಅಕ್ಷರ ಬರೆಸಿ. ದಪ್ಪಗಿದ್ದರೆ ಗೆರೆ ಕುಸಿಯುತ್ತದೆ. ಬೆರಳು ಓಡುತ್ತಿರುವಾಗಲೇ ಬಾಯಿಂದ ‘ಕು’ ಹೊರಡಬೇಕು, ಬರೆದಾದ ಮೇಲಲ್ಲ. ‘ಕಕ್ಕೆ ಕೊಂಬು ಕು’ ಎಂಬ ರಾಗವೂ ಬೇಡ, ಪದ ಓದುವಾಗ ಅಷ್ಟು ಹೊತ್ತು ಸಿಗುವುದಿಲ್ಲ. ಹತ್ತು ಮಿಶ್ರ ಕಾರ್ಡುಗಳಲ್ಲಿ ಒಂಬತ್ತನ್ನು ಎರಡು ದಿನ ಸತತವಾಗಿ ತಡೆಯಿಲ್ಲದೆ ಓದಿದರೆ ಮುಂದಕ್ಕೆ ಹೋಗಿ.

ಬಸ್ಸಿನ ಬೋರ್ಡು ಒಳ್ಳೆಯ ಪಠ್ಯ. ‘ಜಯನಗರ’ದಲ್ಲಿ ಬರೀ ಮೂಲಾಕ್ಷರ. ‘ಬಸವನಗುಡಿ’ಗೆ ಕೊಂಬು, ಗುಡಿಸು ಗೊತ್ತಿರಬೇಕು. ‘ಮಲ್ಲೇಶ್ವರ’ ಆಮೇಲೆ.

ನಿಜವಾದ ಕಷ್ಟ ಒತ್ತಕ್ಷರದ್ದು. ‘ಶಕ್ತಿ’ಯನ್ನು ‘ಶಕಿತ’ ಎಂದು ಓದುವ ಮಗು ಅಡ್ಡಾದಿಡ್ಡಿ ಊಹಿಸುತ್ತಿಲ್ಲ, ಕಂಡದ್ದನ್ನೇ ಓದುತ್ತಿದೆ. ಗುಡಿಸು ಕೂತಿರುವುದು ಕ-ದ ಮೇಲೆ, ಸದ್ದು ಸೇರುವುದು ಕೆಳಗಿನ ತ-ಗೆ. ಚಪ್ಪಾಳೆ ತಟ್ಟಿಸಿ: ಶಕ್, ತಿ. ‘ಕ್’ ಮತ್ತು ‘ತಿ’ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು, ನಂತರ ಕೂಡಿಸಿ ಬರೆಸಿ, ಗುಡಿಸಿನಿಂದ ಒತ್ತಿಗೆ ಕೆಂಪು ಬಾಣ ಎಳೆಸಿ. ‘ಸರ್ಜಾಪುರ’ದ ಅರ್ಕಾವತ್ತು ಇನ್ನೂ ತಿರುವುಮುರುವು: ಕಣ್ಣಿಗೆ ‘ಜಾ’ ಮುಂಚೆ, ಬಾಯಿಗೆ ‘ರ್’ ಮುಂಚೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಉಳಿದ ಸಮಯದಲ್ಲಿ ಐದು ಪದ, ಒಂದು ವಾಕ್ಯ ಉಕ್ತಲೇಖನ. ಕಲಿಸದ ಅಕ್ಷರ ಒಂದೂ ನುಸುಳಬಾರದು.

ಹೀಗೆ ಆರು ತಿಂಗಳು ನಡೆಸಿಯೂ ಓದು ಕದಲದಿದ್ದರೆ ನಿಮ್ಹಾನ್ಸ್‌ನಂಥ ಕಡೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನೂ ಒಳಗೊಂಡಿದೆ. ಶಾಲೆಯ ಪರೀಕ್ಷೆಯಲ್ಲಿ ರಿಯಾಯಿತಿ ಕೇಳಲು ಪ್ರಮಾಣಪತ್ರ ಬೇಕಾಗುತ್ತದೆ. ಹೋಗುವಾಗ ಶಾಲೆಯ ನೋಟ್‌ಬುಕ್ಕುಗಳನ್ನು ತಿದ್ದದೆ, ಇದ್ದ ಹಾಗೇ ಒಯ್ಯಿರಿ.