ಒಂದೇ ಓಣಿ, ಮೂವರು ಗವಿಸಿದ್ದಪ್ಪ: ಸಹಿ ಬೇಕಾದ ಟಪಾಲು ಕೊಡುವುದು ಹೇಗೆ?

ಕೊಪ್ಪಳದ ಕಡೆ ಯಾವ ಓಣಿಯಲ್ಲಾದರೂ ನಿಂತು ‘ಗವಿಸಿದ್ದಪ್ಪಾ’ ಅಂತ ಕೂಗಿ ನೋಡಿ, ಮೂರು ಬಾಗಿಲು ತೆರೆಯುತ್ತವೆ. ಸಾದಾ ಕಾಗದ ತಪ್ಪಿ ಇನ್ನೊಬ್ಬರ ಮನೆ ಸೇರಿದರೆ ಸಂಜೆಯೊಳಗೆ ಅವರೇ ಮುಟ್ಟಿಸುತ್ತಾರೆ. ಸಹಿ ಬೇಕಾದ ಟಪಾಲು ಹಾಗಲ್ಲ. ಅದರಲ್ಲಿ ಪಾಸ್‌ಪೋರ್ಟ್ ಇರಬಹುದು, ಎಟಿಎಂ ಕಾರ್ಡ್ ಇರಬಹುದು, ವಕೀಲರ ನೋಟಿಸ್ ಕೂಡ ಇರಬಹುದು. ಬೀಟಿಗೆ ಹೊಸದಾಗಿ ಬಂದಿರುವ ಪೋಸ್ಟ್‌ಮನ್‌ಗಳು, ಗ್ರಾಮೀಣ ಡಾಕ್ ಸೇವಕರು ಇದನ್ನು ಒಮ್ಮೆ ಓದಿಕೊಳ್ಳಿ.

ಮೊದಲ ಕೆಲಸ ಕಚೇರಿಯಲ್ಲೇ. ಚೀಲ ಹೆಗಲಿಗೇರಿಸುವ ಮುಂಚೆ ಲಕೋಟೆಯ 13 ಅಕ್ಷರ-ಅಂಕಿಯ ನಂಬರನ್ನು ನಿಮ್ಮ ಪಟ್ಟಿಯ ಜೊತೆ ತಾಳೆ ನೋಡಿ. ಆಮೇಲೆ ಅದು ಯಾವ ಬಗೆಯ ಟಪಾಲು ಅಂತ ನೋಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತಲ್ವಾ, ಹಾಗಾಗಿ ಎಲ್ಲವೂ ಒಂದೇ ಅಂದುಕೊಂಡವರಿದ್ದಾರೆ. ಒಂದೇ ಅಲ್ಲ. ಬರೀ ಸ್ಪೀಡ್ ಪೋಸ್ಟ್ ಆದರೆ ಆ ವಿಳಾಸದ ಮನೆಯವರು ಸಹಿ ಮಾಡಿ ತೆಗೆದುಕೊಳ್ಳಬಹುದು. ಕಳಿಸಿದವರು ಹೆಚ್ಚಿಗೆ ದುಡ್ಡು ಕಟ್ಟಿ ರಿಜಿಸ್ಟ್ರೇಷನ್ ಮಾಡಿಸಿದ್ದರೆ, ಹೆಸರಿರುವವರ ಕೈಗೆ ಅಥವಾ ಅವರು ಬರೆದುಕೊಟ್ಟು ಒಪ್ಪಿಸಿದವರ ಕೈಗೆ ಮಾತ್ರ. ಒಟಿಪಿ ಇದ್ದರೆ ಒಟಿಪಿ ಸರಿಹೋದ ಮೇಲೆಯೇ ಕೊಡಬೇಕು.

ಮನೆ ಮುಂದೆ ನಿಂತು ‘ಗವಿಸಿದ್ದಪ್ಪ ನೀವೇನಾ?’ ಅಂತ ಕೇಳಬೇಡಿ, ಮೂವರೂ ಹೌದು ಅನ್ನುತ್ತಾರೆ, ಮೂವರೂ ಸುಳ್ಳು ಹೇಳುತ್ತಿಲ್ಲ! ‘ಅಣ್ಣಾ, ನಿಮ್ಮ ತಂದೆ ಹೆಸರೇನು? ಮನೆತನ ಯಾವುದು?’ ಅಂತ ಕೇಳಿ, ಲಕೋಟೆ ಮೇಲಿರುವುದನ್ನು ನೀವಾಗಿ ಓದಿ ಹೇಳದೆ ಅವರ ಬಾಯಿಂದಲೇ ಹೊರಡಿಸಿ. ಅನುಮಾನ ಬಂದರೆ ಗುರುತಿನ ಚೀಟಿ ನೋಡಿ.

ಇನ್ನು ಸಹಿ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಮೊಬೈಲ್ ಪರದೆ ಕಾಣುವುದೇ ಇಲ್ಲ, ಜನ ಸುಮ್ನೆ ಬೆರಳಲ್ಲಿ ಒಂದು ಗೀಟು ಎಳೆದುಬಿಡುತ್ತಾರೆ. ಕಟ್ಟೆಯ ನೆರಳಿಗೆ ಕರೆದು ಪೂರ್ತಿ ಸಹಿ ಮಾಡಿಸಿ. ಬೇರೆಯವರು ತೆಗೆದುಕೊಂಡರೆ ಅವರ ಹೆಸರೂ ಸಂಬಂಧವೂ ದಾಖಲಾಗಲಿ. ಓದು ಬರಹ ಬಾರದ ಅವ್ವನಾದರೆ ಹೆಬ್ಬೆಟ್ಟು ಒತ್ತಿಸಿ, ಊರಲ್ಲಿ ಗುರುತಿರುವ, ಓದು ಬಲ್ಲ ಒಬ್ಬರ ಸಾಕ್ಷಿ ಸಹಿ ಹಾಕಿಸಿ.

‘ನೀನೇ ಗೀಚಿಕೊಳ್ಳಪ್ಪಾ, ನಮ್ಮವನೇ ಅಲ್ವಾ’ ಅಂತಾರೆ. ಪ್ರೀತಿಯಿಂದಲೇ ಅಂತಾರೆ, ಆದರೂ ಗೀಚಬೇಡಿ. ಚೆಕ್ ಬೌನ್ಸ್ ನೋಟಿಸನ್ನೇ ತೆಗೆದುಕೊಳ್ಳಿ: ಅದು ಕೈಸೇರಿದ ದಿನದಿಂದ 15 ದಿನದೊಳಗೆ ದುಡ್ಡು ಕಟ್ಟದಿದ್ದರೆ ಕೇಸು ಹಾಕಬಹುದು. ಆ ದಿನ ಯಾವುದು ಅಂತ ಹೇಳುವುದು ನೀವು ಹಾಕಿಸಿದ ಸಹಿ ಮತ್ತು ತಾರೀಕು. ಸೋಮವಾರ ಕೊಟ್ಟು ಶನಿವಾರದ ತಾರೀಕು ಬಿದ್ದರೆ ಒಬ್ಬರಿಗೆ ಎರಡು ದಿನ ಕಳೆದುಹೋದ ಹಾಗೆ, ಸಹಿ ನಂದಲ್ಲ ಅಂತ ಅವರು ಕೋರ್ಟಿನಲ್ಲಿ ಅಂದರೆ ಸಾಕ್ಷಿ ಹೇಳಲು ನಿಮ್ಮನ್ನೇ ಕರೆಯಬಹುದು.

ಬೇಡ ಅಂದವರ ಜೊತೆ ವಾದ ಬೇಡ. ‘ನಿರಾಕರಿಸಿದರು’ ಅಂತ ತಾರೀಕು ಹಾಕಿ ಬರೆದು ನಿಮ್ಮ ಸಹಿ ಮಾಡಿ. ರಿಜಿಸ್ಟ್ರೇಷನ್ ಆದ ನೋಟಿಸನ್ನು ನಿರಾಕರಿಸಿದರೆ ಅದು ಮುಟ್ಟಿದ ಹಾಗೇ ಅಂತ ಕೋರ್ಟು ಸಾಮಾನ್ಯವಾಗಿ ಎಣಿಸುತ್ತದೆ. ಆದ್ದರಿಂದ ಯಾರೂ ಬೇಡ ಅನ್ನದೆ, ಮನೆಗೂ ಹೋಗದೆ, ಹಾಗೆ ಬರೆಯುವುದು ಸಣ್ಣ ತಪ್ಪಲ್ಲ.

ಬೀಗ ಇದ್ದರೆ ಸೂಚನಾ ಚೀಟಿ ಬಿಟ್ಟು ಬನ್ನಿ, ಟಪಾಲು ಸಾಮಾನ್ಯವಾಗಿ 7 ದಿನ ಕಚೇರಿಯಲ್ಲಿರುತ್ತದೆ. ಕುಷ್ಟಗಿ, ಲಿಂಗಸುಗೂರು ಕಡೆ ಗುಳೆ ಹೋದ ಮನೆಗಳದ್ದೇ ಜಾಸ್ತಿ ಫಜೀತಿ. ಮಗ ಬೆಂಗಳೂರಲ್ಲಿ, ಮನೆಯಲ್ಲಿ ಅಜ್ಜ ಒಬ್ಬರೇ. ರಿಜಿಸ್ಟ್ರೇಷನ್ ಇಲ್ಲದ್ದಾದರೆ ಅಜ್ಜನ ಕೈಗೆ ಕೊಡಿ. ಇದ್ದರೆ, ಮಗ ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು ಅಂತ ಅಜ್ಜನಿಗೆ ನಿಧಾನವಾಗಿ ತಿಳಿಸಿ, ಚೀಟಿ ಕೊಡಿ, ಆಗಲೇ ಮಗನಿಗೆ ಫೋನ್ ಹಚ್ಚಿಸಿದರೆ ಇನ್ನೂ ಒಳ್ಳೆಯದು.

ಉಳಿದ ಲಕೋಟೆಗಳು ಅವತ್ತೇ ಸಂಜೆ ಕಚೇರಿಗೆ ವಾಪಸ್. ಗಾಡಿ ಡಿಕ್ಕಿಯಲ್ಲೂ ಬೇಡ, ಚೌಕದ ಕಿರಾಣಿ ಅಂಗಡಿಯಲ್ಲೂ ಬೇಡ.