ಐಎಫ್ 448ಕ್ಕೇ ನಿಲ್ಲಿಸಿದೆ, ಧಾರವಾಡ ಬಂತು

ಅಪ್ಪಯ್ಯನ ಟ್ರಾನ್ಸಿಸ್ಟರ್ ರೇಡಿಯೋ ಏಳೆಂಟು ಮಳೆಗಾಲ ಅಟ್ಟದ ಮೇಲೇ ಕೂತಿತ್ತು. ಶಿರಸಿಯ ಮಳೆ ಗೊತ್ತಲ್ಲ, ಇಳಿಸಿದಾಗ ಒಳಗೆಲ್ಲ ಬೂಸ್ಟು. ಸ್ಟೇಷನ್ ತಿರುಗಿಸುವ ಕಂಡೆನ್ಸರ್, ಅಂದರೆ ಗ್ಯಾಂಗು, ಅದರ ಆಸಿಲೇಟರ್ (ರೇಡಿಯೋ ಒಳಗೇ ಅಲೆ ಹುಟ್ಟಿಸುವ ಭಾಗ) ಕಡೆ ಶಾರ್ಟ್. ಯಾವ ಸ್ಟೇಷನ್ ಬಂದರೂ ರೇಡಿಯೋ ಅದನ್ನು ಐಎಫ್ ಎಂಬ ಒಂದೇ ಫ್ರೀಕ್ವೆನ್ಸಿಗೆ ಇಳಿಸುತ್ತದೆ, ಇದರಲ್ಲಿ 455 ಕಿಲೋಹರ್ಟ್ಸ್. ಅದನ್ನು ಹಿಡಿಯುವ ಹಳದಿ, ಬಿಳಿ, ಕಪ್ಪು ಮೂರು ಕಾಯಿಲ್‌ಗಳೇ ಐಎಫ್‌ಟಿ. ಹಳದಿಯ ಕೋರ್ (ತಿರುಗಿಸಿ ಹೊಂದಿಸುವ ತಿರುಳು) ಕಚ್ಚಿಕೊಂಡಿತ್ತು. ಸ್ಟೀಲ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದೆ, ಪಟ್ ಅಂತ ಒಡೆದು ಒಳಗೇ ಕೂತಿತು. ತಪ್ಪು ನನ್ನದೇ. ಹುಬ್ಬಳ್ಳಿಯಿಂದ ಹೊಸ ಐಎಫ್‌ಟಿ ಸೆಟ್ ತಂದರೆ ಅದರ ಕಾಲುಗಳು ಬೋರ್ಡಿಗೆ ಹೊಂದಲಿಲ್ಲ. ಬಸ್ ಚಾರ್ಜ್ ಸೇರಿ 400 ರೂಪಾಯಿ ನೀರಲ್ಲಿ ಹೋಮ. "ಭಾವಾ, ಸುಮ್ನೆ ಗುಜರಿಗೆ ಹಾಕು" ಅಂದ ಭಾವ.

ಆಸಿಲೇಟರ್ ಜಾಗಕ್ಕೆ ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸುವ ಎಸ್‌ಐ5351 ಚಿಪ್ಪಿನ ಮಾಡ್ಯೂಲ್ ಮತ್ತು ಅದಕ್ಕೆ ಪ್ರೋಗ್ರಾಮಿನಿಂದ ಹೇಳಿಕೊಡುವ ಪುಟ್ಟ ಬೋರ್ಡು, ಆರ್ಡುಯಿನೊ ನ್ಯಾನೊ ಹಾಕಿದೆ. ಎರಡಕ್ಕೂ ಸೇರಿ 700 ಆಗಿರಬೇಕು. ಈ ಚಿಪ್ಪಿನ ಚೌಕ ಅಲೆ ಕೊಟ್ಟರೆ ಬರೀ ಗುಂಯ್ ಅನ್ನುತ್ತದೆ ಎಂದು ಗೆಳೆಯರು ಹೆದರಿಸಿದ್ದರು. ಮೊದಲ ವಾರ ಹಾಗೇ ಆಯಿತು. ಸ್ಟೇಷನ್ನನ್ನೂ ಆಸಿಲೇಟರಿನ ಅಲೆಯನ್ನೂ ಬೆರೆಸುವ ಟ್ರಾನ್ಸಿಸ್ಟರಿನ (ಕನ್ವರ್ಟರ್) ಎಮಿಟರ್ ಕಾಲಿಗೆ ನೇರ ಕೊಟ್ಟಿದ್ದೆ, ಜಾಸ್ತಿಯಾಗಿತ್ತು. ರೆಸಿಸ್ಟರ್ ಹಾಕಿ ತಗ್ಗಿಸಿದೆ. ಫ್ರೀಕ್ವೆನ್ಸಿ ತೋರಿಸುವ ಡಿಸ್‌ಪ್ಲೇಯಿಂದ ರೇಡಿಯೋದಲ್ಲಿ ಬರುತ್ತಿದ್ದ ಗಲಾಟೆ ನಿಲ್ಲಿಸಿದ್ದು ಹೇಗೆ ಅಂತ ಮಾತ್ರ ಹೇಳುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಆಸಿಲೇಟರ್ ಸ್ಟೇಷನ್ನಿಗಿಂತ ಐಎಫ್‌ನಷ್ಟು ಮೇಲಿರಬೇಕು, ಹಾಗಾಗಿ ಧಾರವಾಡ ಆಕಾಶವಾಣಿಯ 765ಕ್ಕೆ 455 ಕೂಡಿಸಿ 1220 ಕೊಟ್ಟೆ. ಗೋಡೆಯಾಚೆ ಯಾರೋ ಪಿಸುಗುಟ್ಟಿದ ಹಾಗೆ ಬಂತು. ಎರಡು ರಾತ್ರಿ ಆಂಟೆನಾ ಕಾಯಿಲನ್ನೇ ಬೈದೆ. ಆಮೇಲೆ ಹೊಳೆಯಿತು, ಮಾಡ್ಯೂಲಿನ ಎರಡನೇ ಔಟ್‌ಪುಟ್ ಖಾಲಿ ಇದೆಯಲ್ಲ! ಮೊದಲನೆಯದನ್ನು ನಿಲ್ಲಿಸಿ, ಎರಡನೆಯದರಲ್ಲಿ 440ರಿಂದ 470ರವರೆಗೆ ಒಂದೊಂದೇ ಕಿಲೋಹರ್ಟ್ಸ್ ಏರಿಸುತ್ತ ಎಜಿಸಿ ವೋಲ್ಟೇಜ್ (ಸಿಗ್ನಲ್ ಎಷ್ಟು ಜೋರು ಅಂತ ತಿಳಿಸುವುದು) ನೋಡಿದೆ. ಎರಡು ಗುಡ್ಡ ಕಂಡವು. ಬಿಳಿ, ಕಪ್ಪು ಎರಡೂ 455ರಲ್ಲಿ. ಒಡೆದ ಹಳದಿ ಒಂದೇ 448ರಲ್ಲಿ.

ಅದು ಏರುವುದಿಲ್ಲ. ಹಾಗಾದರೆ ಉಳಿದೆರಡನ್ನು ಇಳಿಸಿದರೆ ಸಾಕಲ್ವಾ? ಬಿದಿರ ಕಡ್ಡಿ ಕೆತ್ತಿ ಎರಡು ಕೋರನ್ನೂ ಮೆಲ್ಲಗೆ ಒಳಗೆ ತಿರುಗಿಸಿದೆ. ಗ್ಯಾಂಗಿನ ಆಸಿಲೇಟರ್ ಆಗಿದ್ದರೆ ಡಯಲ್, ಟ್ರ್ಯಾಕಿಂಗ್ (ಗ್ಯಾಂಗಿನ ಎರಡೂ ಕಡೆಯ ಹೊಂದಾಣಿಕೆ) ಎಲ್ಲ ಕೆಡುತ್ತಿತ್ತು. ಇಲ್ಲಿ ಪ್ರೋಗ್ರಾಮಿನಲ್ಲಿ ಒಂದು ಅಂಕೆ ತಿದ್ದಿದೆ, 1220 ಹೋಗಿ 1213 ಆಯಿತು. ಆಂಟೆನಾ ಕಡೆಯ ಗ್ಯಾಂಗನ್ನು ಕೈಯಲ್ಲೇ ಹೊಂದಿಸಿದೆ. ಬೆಳಗಿನ ವಾರ್ತೆ ಅಡಿಗೆಮನೆವರೆಗೂ ಕೇಳಿತು!

ಇನ್ನೊಂದು ತಮಾಷೆ. ಮೊದಲು ರಾತ್ರಿ 909ರಲ್ಲಿ ಸ್ಟೇಷನ್ ಹಿಡಿದರೆ ಶಿಳ್ಳೆ ಹೊಡೆಯುತ್ತಿತ್ತು, ಐಎಫ್‌ನ ಎರಡರಷ್ಟು 910 ತಾನೆ, ಅದು ನುಸುಳಿ 909ರ ಜೊತೆ ಬೆರೆಯುತ್ತಿತ್ತು. ಈಗ ಅದು 896ಕ್ಕೆ ಜಾರಿದೆ. ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 9ರ ಮಗ್ಗಿಯಲ್ಲೇ ಇರುತ್ತವೆ, ಆ ಲೆಕ್ಕದಲ್ಲಿ ಅಲ್ಲಿ ಸ್ಟೇಷನ್ನೇ ಬರುವುದಿಲ್ಲ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ, ಆದರೆ ಭಾವನ ಹತ್ತಿರ ಯೋಚಿಸಿಯೇ ಮಾಡಿದ್ದು ಅಂದಿದ್ದೇನೆ.

ಒಂದೇ ತಾಪತ್ರಯ ಸೆಲ್ಲಿನದು. ಮೊದಲು ತಿಂಗಳು ಬರುತ್ತಿದ್ದದ್ದು ಈಗ ನಾಲ್ಕೈದು ದಿನಕ್ಕೆ ಖಾಲಿ. ಮೊಬೈಲ್ ಚಾರ್ಜರ್ ಹಾಕಿ ನೋಡಿದೆ, ಅದರ ಗದ್ದಲಕ್ಕೆ ಧಾರವಾಡವೇ ಮುಳುಗಿತು. ಸೆಲ್ಲಿನ ಬದಲು ಕರೆಂಟಿಗೆ ಹಾಕುವ ಹಳೇ ಟ್ರಾನ್ಸ್‌ಫಾರ್ಮರ್ ಎಲಿಮಿನೇಟರ್ ಯಾರ ಅಟ್ಟದಲ್ಲಾದರೂ ಇದ್ದರೆ ಹೇಳಿ.